ತಲೆಯೊಳಗಿನ ಮಗ್ಗ

ಗುಳೇದಗುಡ್ಡ
ಇಸವಿ ಎರಡು ಸಾವಿರದ ನೂರ ಎಪ್ಪತ್ತೊಂದು, ಶ್ರಾವಣ ಅಮಾವಾಸ್ಯೆ ಕಳೆದ ವಾರ

ಬನವ್ವಜ್ಜಿಗೆ,

ಚಿಕ್ಕಂದಿನಿಂದ ನನ್ನ ಬಲಗಿವಿಯಲ್ಲಿ ಒಂದು ಮಗ್ಗ ನಡೆಯುತ್ತಿದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಿನಗೆ ಮಾತ್ರ ಅರ್ಥವಾಗುತ್ತಿತ್ತು. ನೀನೋ ನನ್ನ ಮುತ್ತಜ್ಜಿಯ ಅಜ್ಜಿ, ನಾನು ಹುಟ್ಟುವ ಎಷ್ಟೋ ಮೊದಲೇ ಹೋದವಳು. ನನ್ನ ಕೆಲವು ಮಾತು ನಿನಗೆ ವಿಚಿತ್ರವೆನಿಸಬಹುದು, ಮನ್ನಿಸು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು, ಬೇರೆ ರೀತಿ ಬರೆಯಲು ಬಾರದು.

ನೀನು ಕುಪ್ಪಸದ ಖಣ ನೇಯ್ದ ಓಣಿಯಲ್ಲೇ ನಾವಿದ್ದೇವೆ, ಆದರೆ ಇಲ್ಲೀಗ ಮಗ್ಗಗಳಿಲ್ಲ. ನಾವು ಉಡುವುದು ಹೆಪ್ಪುಬಟ್ಟೆ. ಸಂಜೆ ತೊಟ್ಟಿಯಲ್ಲಿ ನಾರಿನ ಗಂಜಿ ಕಲಸಿಟ್ಟರೆ ಬೆಳಗಾಗುವಷ್ಟರಲ್ಲಿ ಮೊಸರಿನಂತೆ ಹೆಪ್ಪುಗಟ್ಟಿ ಬಟ್ಟೆಯಾಗಿರುತ್ತದೆ, ಸದ್ದೇ ಇಲ್ಲದೆ. ಗಾಡಿಗಳೂ ಸದ್ದು ಮಾಡುವುದಿಲ್ಲ. ಓಣಿಯ ಮೇಲೆ ಹಾಸಿದ ಬಿಸಿಲುಚಪ್ಪರ ಇಡೀ ದಿನ ಬೆಳಕು ಕುಡಿದು ರಾತ್ರಿ ದೀಪವಾಗುತ್ತದೆ, ಅದೂ ಮೌನವಾಗಿ. ನಮ್ಮ ಶಾಲೆಯಲ್ಲಿ ಮಾತೇ ಇಲ್ಲ, ಪಾಠವನ್ನು ಕಿವಿಮುಚ್ಚಿಕೊಂಡು ಕಣ್ಣಿಂದಲೇ ಕಲಿಯಬೇಕು. ಕಿವಿ ಮುಚ್ಚಿದಷ್ಟೂ ನನ್ನ ಮಗ್ಗ ಜೋರಾಗುತ್ತಿತ್ತು. ಒಂದು ದಿನ ಎದ್ದು ಬಂದವಳು ಮತ್ತೆ ಹೋಗಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ, ಹುಡುಗಿ ಕೂತಲ್ಲಿ ಕೂರುವವಳಲ್ಲ ಎಂದಷ್ಟೇ ಅಂದರು. ಕೇಳಿದ್ದರೆ ಸುಳ್ಳು ಹೇಳುತ್ತಿರಲಿಲ್ಲ.

ನಿನ್ನ ಜಗಳದ ಕಥೆಯನ್ನು ಅವ್ವ ಪ್ರತಿ ಶ್ರಾವಣ ಅಮಾವಾಸ್ಯೆಗೂ ಹೋಳಿಗೆ ಬಡಿಸುತ್ತ ಹೇಳುತ್ತಾಳೆ. ಅಮಾವಾಸ್ಯೆಯಂದು ಓಣಿಯ ಮಗ್ಗಗಳೆಲ್ಲ ನಿಲ್ಲಬೇಕಿತ್ತಂತೆ. ಆ ದಿನ ಎಲ್ಲ ನಿಂತರೂ ಒಂದು ಮಾತ್ರ ನಡೆಯುತ್ತಿರುವುದು ನಿನಗೆ ಕೇಳಿಸಿತು. ಸೆರಗು ಸಿಕ್ಕಿಸಿಕೊಂಡು ಪಕ್ಕದ ನೀಲವ್ವನ ಬಾಗಿಲಿಗೆ ಹೋದೆ.

"ಏ ನೀಲವ್ವಾ, ಅಮಾಸಿ ದಿನಾನೂ ಬಿಡೂದಿಲ್ಲೇನ? ದೇವರ ಹೆದರಿಕಿ ಐತೋ ಇಲ್ಲೋ ನಿನಗ?"

"ಬಂದು ಕಣ್ಣಾರೆ ನೋಡ ಬಾ! ಪೂಜಿ ಮಾಡಿ, ಮಗ್ಗಕ್ಕ ಅರಿವಿ ಹೊಚ್ಚೇನಿ. ಮಗ್ಗ ನಿನ್ನ ತಲ್ಯಾಗ ನಡದೈತಿ, ಹೋಗ!"

ಆ ಮಾತು ಮನಸ್ಸಿಗೆ ನಾಟಿ ನೀನು ಆಸ್ಪತ್ರೆಗೆ ಹೋದೆ. ಅವಳು ಬೈದದ್ದೇ ನಿಜವಾಗಿತ್ತು. ಮೆದುಳಿನಲ್ಲಿ ರಕ್ತನಾಳಗಳು ಗಂಟಾಗಿ, ರಭಸದ ರಕ್ತ ನಡುವೆ ತಡೆಯುವ ಸಣ್ಣ ನಾಳಗಳಿಲ್ಲದೆ ನೇರ ನುಗ್ಗುತ್ತಿತ್ತು. ಎದೆ ಬಡಿದಾಗಲೆಲ್ಲ ಲಾಳಿ ಓಡಿದಂತೆ ಸುಂಯ್ ಅನ್ನುತ್ತಿದ್ದುದು ಅದೇ. ಆ ಗಂಟು ಯಾವಾಗ ಬೇಕಾದರೂ ಒಡೆಯಬಹುದಿತ್ತು. ವೈದ್ಯರು ತಲೆ ಕೊಯ್ಯಲಿಲ್ಲ. ತಲೆಗೊಂದು ಚೌಕಟ್ಟು ತಿರುಪಿ, ನೂರಾರು ಸಣ್ಣ ಕಿರಣಗಳನ್ನು ಆ ಗಂಟಿನಲ್ಲಿ ಮಾತ್ರ ಸಂಧಿಸುವಂತೆ ಬಿಟ್ಟರು. ಹಣೆಯ ಮೇಲೆ ತಿರುಪಿನ ಎರಡು ಗುರುತು ಹೊತ್ತು ನೀನು ಮನೆಗೆ ಬಂದೆ. ಆದರೆ ಗಂಟು ತಾನಾಗಿ ಮುಚ್ಚಿಕೊಳ್ಳಲು ಎರಡು ಮೂರು ವರ್ಷ, ಅಲ್ಲಿಯತನಕ ಭಯವೂ ಇತ್ತು. ಸದ್ದು ತೆಳುವಾಗುತ್ತ ಬಂದು ಒಂದು ದಿನ ನಿಂತಾಗ ನೀನು ನೀಲವ್ವನಿಗೆ ಹೇಳಿದ್ದು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ: "ಗದ್ಲ ಹೋತವ್ವ. ಆದ್ರ ಮನ್ಯಾಗಿಂದ ಯಾರೋ ಎದ್ದು ಹೋದಂಗ ಆಗೇತಿ."

ಈ ಸಲ ಕಥೆ ಮುಗಿದಾಗ ನನ್ನ ತಂಗಿ ಚಿನ್ನಿ, "ಯವ್ವಾ, ಆ ಮಗ್ಗ ಹೆಂಗ ಸಪ್ಪಳ ಮಾಡ್ತಿತ್ತ?" ಎಂದಳು. ಅವ್ವ ನಕ್ಕಳು, ಅವಳು ಮಗ್ಗದ ಸದ್ದು ಕೇಳಿದವಳೇ ಅಲ್ಲ. ನಾನು ಯೋಚಿಸದೆ ತಟ್ಟೆಯ ಅಂಚನ್ನು ಬೆರಳಿನಿಂದ ಉಜ್ಜಿ ಸುಂಯ್ ಎನ್ನಿಸಿ ತೋರಿಸಿದೆ. ಅವ್ವನ ನಗು ನಿಂತಿತು.

"ನಿನಗ ಹೆಂಗ ಗೊತ್ತ, ಹೊನ್ನಿ?"

ಕೇಳಿಬಿಟ್ಟಳಲ್ಲ. ಹೇಳಿದೆ.

ವಂಶದಲ್ಲಿ ಹೀಗೆ ಬರುವುದು ಅಪರೂಪ ಎಂದರು ಮರುದಿನ ನನ್ನ ತಲೆ ಪರೀಕ್ಷಿಸಿದ ವೈದ್ಯರು. ಗಂಟು ನಿನ್ನದಕ್ಕಿಂತ ದೊಡ್ಡದಂತೆ. ಈಗ ಚೌಕಟ್ಟಿಲ್ಲ, ತಿರುಪಿಲ್ಲ, ಕಿರಣ ಬಿಡುವುದು ಒಂದು ಉಸಿರಿನ ಕೆಲಸ. ಆದರೂ ನಾಳಗಳು ಮುಚ್ಚಿಕೊಳ್ಳಲು ನಿನ್ನ ಕಾಲದಷ್ಟೇ ವರ್ಷ ಬೇಕು. ಬಟ್ಟೆಯನ್ನು ಒಂದೇ ರಾತ್ರಿಯಲ್ಲಿ ಹೆಪ್ಪುಗಟ್ಟಿಸುವವರಿಗೂ ಇದನ್ನು ಅವಸರಪಡಿಸಲು ಆಗಿಲ್ಲ. ಕೇಳಿ ನನಗೆ ಸಮಾಧಾನವಾಯಿತು. ಒಂದೇ ಏಟಿಗೆ ನಿಲ್ಲುವುದಾಗಿದ್ದರೆ ಬಹುಶಃ ಒಪ್ಪುತ್ತಿರಲಿಲ್ಲ. ಗುಳೇದಗುಡ್ಡದಲ್ಲಿ ಉಳಿದಿರುವ ಕೊನೆಯ ಮಗ್ಗ ಇದು, ಅಜ್ಜಿ. ಇದನ್ನು ಕೇಳುತ್ತಲೇ ನಾನು ನೋಡದ ಓಣಿಯಲ್ಲಿ ಓಡಾಡಿದ್ದೇನೆ, ನಿನ್ನ ಪಕ್ಕ ಕೂತು ಲಾಳಿ ಎಸೆದಿದ್ದೇನೆ. ಅವ್ವ ಮಾತ್ರ ವಾರದಿಂದ ನಿದ್ದೆ ಮಾಡಿಲ್ಲ, ನನ್ನ ತಲೆಗೆ ಕಿವಿಯಿಟ್ಟು ಮಲಗುತ್ತಾಳೆ. ಅವಳಿಗೆ ಏನೂ ಕೇಳಿಸುವುದಿಲ್ಲ.

ಈ ಕಾಗದ ಆ ಅಮಾವಾಸ್ಯೆಗಿಂತ ಮುಂಚೆ ನಿನ್ನ ಕೈ ಸೇರಿದರೆ ಒಂದೇ ಬೇಡಿಕೆ. ನಾಚಿಕೆಪಟ್ಟು ಸುಮ್ಮನಿರಬೇಡ. ನೀಲವ್ವನ ಬಾಗಿಲಿಗೆ ಹೋಗು, ಬಾಯಿ ತುಂಬ ಜಗಳ ಮಾಡು. ಆಗ ನಿನಗಿನ್ನೂ ಮಕ್ಕಳಾಗಿರಲಿಲ್ಲ. ಆ ಜಗಳದಿಂದಲೇ ನಾವೆಲ್ಲ ಇದ್ದೇವೆ.

ಬಟ್ಟೆ ಕಟ್ಟಿಟ್ಟಾಗಿದೆ. ಅವ್ವನೂ ಜೊತೆಗೆ ಬರುತ್ತಾಳೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೊರಡುತ್ತೇನೆ.

ಹೊನ್ನಿ