ಆ ಸಿಳ್ಳೆ ಯಾರದು?

ಮನೆ, ಕಿಟಕಿ ಪಕ್ಕದ ಮೇಜು
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ನಿನ್ನ ಮಂಡಿ ನೋವು ಹೇಗಿದೆ? ಬಂದರಿನಲ್ಲಿ ಕ್ರೇನ್ ಹತ್ತಿ ಇಳಿಯುವುದನ್ನು ಬಿಟ್ಟು, ಕೂತು ಮಾಡುವ ಕೆಲಸ ಕೇಳು ಎಂದು ಅತ್ತಿಗೆ ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿರುತ್ತೀಯ, ಗೊತ್ತು. ನಾನು ಆರಾಮಾಗಿದ್ದೇನೆ. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಬಾತುಕೊಳ್ಳುತ್ತದೆ, ಅಷ್ಟೆ.

ಆ ರೈಲು ಸೇತುವೆಯ ಹಾಡು ನೆನಪಿದೆಯಲ್ಲ? ಹೀರೋ ರೇನ್‌ಕೋಟ್ ತೊಟ್ಟು ಸಿಳ್ಳೆ ಹಾಕುತ್ತ ನಡೆಯುತ್ತಾನೆ. ಆ ಸಿನಿಮಾ ನೋಡಿ ಬಂದು ನೀನು ಅಪ್ಪನ ರೇನ್‌ಕೋಟ್ ಹಾಕಿಕೊಂಡು ಸುಡುಬಿಸಿಲಲ್ಲಿ ಬೀದಿ ಸುತ್ತಿದಾಗ, ಅಮ್ಮ “ಜ್ವರ ಬಂದಿದ್ಯೇನೋ?” ಎಂದು ಹಣೆ ಮುಟ್ಟಿ ನೋಡಿದ್ದಳು. ರೇಡಿಯೊದಲ್ಲಿ ಅದು ಬಂತೆಂದರೆ ನಾವಿಬ್ಬರೂ ಕೈಯಲ್ಲಿದ್ದ ತುತ್ತು ಮರೆಯುತ್ತಿದ್ದೆವು. ಈಗಿನ ಹಾಡುಗಳು ಕೆಟ್ಟವು ಎಂದು ನಾನು ಹೇಳುವುದಿಲ್ಲ. ಆಗ ಹಾಡಿಗಾಗಿ ಕಾಯಬೇಕಿತ್ತು; ಕಾದು ಕೇಳಿದ್ದು ಮೈಗೆ ಹತ್ತುತ್ತಿತ್ತು.

ನಮ್ಮ ಅಂಗಡಿಯ ಪಕ್ಕದ ಟೈಲರ್ ಬಗ್ಗೆ ಬರೆದಿದ್ದೆನಲ್ಲ, ಹೆಂಡತಿ ತೀರಿಹೋದವರು. ಅವರ ಬಳಿ ಹೊಲಿಗೆ ಯಂತ್ರಕ್ಕಿಂತ ಟೇಪ್‌ರೆಕಾರ್ಡರ್ ಹೆಚ್ಚು ಓಡುತ್ತದೆ. ಆ ಸಿಳ್ಳೆ ಹೀರೋನದೇ ಎಂದು ನಾನು. ಅಲ್ಲ, ಆರ್ಕೆಸ್ಟ್ರಾದಲ್ಲಿ ಕೊಳಲು ನುಡಿಸುತ್ತಿದ್ದವರದು ಎಂದು ಅವರು. ಅಂಗಡಿ ಬಾಗಿಲಲ್ಲಿ ನಿತ್ಯ ಇದೇ ಜಗಳ. ಮೊನ್ನೆ ಗಿರಾಕಿಯೊಬ್ಬರು, ಆ ಕೊಳಲಿನವರು ಬಸ್ ಡಿಪೋ ಹಿಂದಿನ ಅಪಾರ್ಟ್‌ಮೆಂಟಿನಲ್ಲೇ ಇದ್ದಾರೆ ಎಂದರು. “ನಡೀರಿ, ಇವತ್ತೇ ಇತ್ಯರ್ಥ ಆಗ್ಲಿ” ಎಂದು ಟೈಲರ್ ಷಟರ್ ಎಳೆದೇಬಿಟ್ಟರು.

ಕೊಳಲಿನವರಿಗೆ ತುಂಬಾ ವಯಸ್ಸಾಗಿದೆ. ಕೈ ನಡುಗುತ್ತದೆ, ಕೊಳಲು ಮುಟ್ಟುವುದಿಲ್ಲವಂತೆ. ನಮ್ಮ ವ್ಯಾಜ್ಯವನ್ನೆಲ್ಲ ಕೇಳಿ, ಚಹಾ ತಂದಿಡುತ್ತಿದ್ದ ಹೆಂಡತಿಯ ಕಡೆ ಗದ್ದ ಎತ್ತಿ ತೋರಿಸಿದರು. “ಅಗೋ, ಅಲ್ಲಿದ್ದಾಳೆ ನೋಡಿ ನಿಮ್ಮ ಹೀರೋ.”

ಆದದ್ದಿಷ್ಟು. ಸಿಳ್ಳೆ ಹಾಕಬೇಕಿದ್ದವನಿಗೆ ಹಾಡಿನ ರೆಕಾರ್ಡಿಂಗ್ ದಿನ ಕಣಜ ಕಚ್ಚಿ ತುಟಿ ಊದಿಕೊಂಡಿತ್ತು. ಈಕೆ ಗಂಡನಿಗೆ ಊಟ ತಂದವರು, ಒಳಗೆ ಬಿಡಲಿಲ್ಲವೆಂದು ಸ್ಟುಡಿಯೊ ಗೇಟಿನಲ್ಲೇ ನಿಂತು ಸಿಳ್ಳೆ ಹಾಕಿ ಕರೆದರು. ಸಂಗೀತ ನಿರ್ದೇಶಕರು ಕಿಟಕಿಯಿಂದ ಬಗ್ಗಿ ನೋಡಿ ಮೇಲೆ ಕರೆಸಿಕೊಂಡರು. ಹೀರೋ ಬಾಯಲ್ಲಿ ಹೆಂಗಸಿನ ಸಿಳ್ಳೆ ಎಂದರೆ ಜನ ನಗುತ್ತಾರೆಂದು ಎಲ್ಲೂ ಹೆಸರು ಹಾಕಲಿಲ್ಲ. ನಿಮಗೆ ಬೇಜಾರಾಗಲಿಲ್ಲವೇ ಎಂದು ಕೇಳಿದೆ. “ಥಿಯೇಟರಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಅವರ ಜೊತೆ ನಾನೂ ಹೊಡೆದೆ” ಎಂದರು.

ಟೈಲರ್ ಒಂದೇ ಸಮ ಗೋಗರೆದ ಮೇಲೆ ಆಕೆ ತುಟಿ ಕೂಡಿಸಿದರು. ಮೊದಲು ಬರೀ ಗಾಳಿ. ಹಲ್ಲಿನ ಸೆಟ್ ತೆಗೆದು ಲೋಟದಲ್ಲಿಟ್ಟು, ಗೋಡೆ ಕಡೆ ತಿರುಗಿ ಮತ್ತೆ ಊದಿದರು. ಬಂತು ಅಣ್ಣಾ, ಅದೇ ಸಿಳ್ಳೆ. ನಡುವೆ ತುಂಡಾಯಿತು, ಆದರೂ ಅದೇ. ಕೊಳಲಿನವರು ಕಣ್ಣು ಮುಚ್ಚಿಕೊಂಡು ಮೊಣಕಾಲ ಮೇಲೆ ತಾಳ ಹಾಕುತ್ತಿದ್ದರು. ಟೈಲರ್ ಕರವಸ್ತ್ರ ಸಿಗದೆ ಕುತ್ತಿಗೆಯಲ್ಲಿದ್ದ ಅಳತೆ ಟೇಪಿನಲ್ಲೇ ಕಣ್ಣೊರೆಸಿಕೊಂಡರು. ನಾನಂತೂ ಸೋತದ್ದಕ್ಕೆ ಇಷ್ಟು ಖುಷಿಪಟ್ಟದ್ದು ಇದೇ ಮೊದಲು. ಅವರೂ ಸೋತರೆನ್ನು.

ಅತ್ತಿಗೆಗೆ ನನ್ನ ನೆನಪು ಹೇಳು. ಮಗಳಿಗೆ ಪರೀಕ್ಷೆ ಚೆನ್ನಾಗಿ ಆಗಲಿ, ಅತ್ತೆಯ ಆಶೀರ್ವಾದ ಅವಳ ಬೆನ್ನಿಗಿದೆ ಎನ್ನು.

ನಿನ್ನ
ಪುಟ್ಟಿ

ಮರೆತೆ: ವಾಪಸ್ ಬರುವಾಗ ಬಸ್‌ಸ್ಟಾಪಿನಲ್ಲಿ ಟೈಲರ್ ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದರು. ಬಸ್ ಬರುವುದರೊಳಗೆ ಹೂಂ ಎಂದುಬಿಟ್ಟೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ನೀನು ಕೇಳುತ್ತೀಯ. ಮುಂದಿನ ತಿಂಗಳು ರಿಜಿಸ್ಟ್ರಾರ್ ಆಫೀಸಿನಲ್ಲಿ ಸಾಕ್ಷಿಗೆ ನೀನೇ ಸಹಿ ಹಾಕಬೇಕು. ಬೇಡ ಅನ್ನುವುದಿದ್ದರೆ ಬಂದು ನನ್ನ ಮುಖ ನೋಡಿ ಹೇಳು, ಪತ್ರ ಬರೆಯಬೇಡ.