ಹತ್ತು ಮುಟ್ಟದ ಪಿಕಪ್

ಜನವರಿ 8, ರಾತ್ರಿ 11:10

ಮತ್ತೆ ಒಂಬತ್ತು. ಬಂಕಿನಲ್ಲಿ ಕತ್ತಿನವರೆಗೆ ತುಂಬಿಸಿದೆ, ನಲವತ್ತು ಲೀಟರ್ ಹಿಡಿಯಿತು. ವಾರದಲ್ಲಿ ಓಡಿದ್ದು ಮುನ್ನೂರ ಅರವತ್ತು ಕಿಲೋಮೀಟರ್. ಹೇಗೆ ಭಾಗಿಸಿದರೂ ಒಂಬತ್ತೇ. ಇದೇ ಪಿಕಪ್, ಇದೇ ರೂಟು — ಲಾಂಡ್ರಿಯಿಂದ ಎರಡು ಆಸ್ಪತ್ರೆ, ನಾಲ್ಕು ಲಾಡ್ಜು, ವಾಪಸ್. ಅಕ್ಟೋಬರಿನಲ್ಲಿ ಹನ್ನೆರಡು ಕೊಡುತ್ತಿತ್ತು. ಬೆಡ್‌ಶೀಟುಗಳೇನು ದಪ್ಪ ಆಗಿಲ್ಲವಲ್ಲ.

ಅಮ್ಮಾವ್ರು ಆಫೀಸಿಗೆ ಕರೆದರು. ಲಾಂಡ್ರಿ ಓನರ್. ಗಂಜಿ ಹಾಕಿದ ಕಾಲರ್ ಹಾಗೆ ನೆಟ್ಟಗೆ ಕೂರುತ್ತಾರೆ, ಅದಕ್ಕೆ ನಾನು ಒಳಗೊಳಗೇ ಇಟ್ಟ ಹೆಸರು ಗಂಜಿ. ದನಿ ಏರಿಸಲಿಲ್ಲ. "ನಿನಗಿಂತ ಮುಂಚೆ ಇದ್ದ ಡ್ರೈವರ್ ಪೈಪ್ ಹಾಕಿ ಡೀಸೆಲ್ ಎಳೀತಿದ್ದ. ಅವನಿಗೂ ಒಂಬತ್ತೇ ಬರ್ತಿತ್ತು," ಅಂದರು. ತಿಂಗಳ ಕೊನೆಯೊಳಗೆ ಡೀಸೆಲ್ ಎಲ್ಲಿ ಹೋಗುತ್ತಿದೆ ಅಂತ ತೋರಿಸಬೇಕು. ಇಲ್ಲದಿದ್ದರೆ ಕೀ ಇಟ್ಟು ಹೊರಡಬೇಕು.

ಮಾಮ ಪಕ್ಕದಲ್ಲೇ ನಿಂತಿದ್ದ. ಅಮ್ಮನ ತಮ್ಮ. ಇಲ್ಲಿ ಬಾಯ್ಲರ್ ನೋಡಿಕೊಳ್ಳುವವನು, ನನ್ನನ್ನು ಕರೆತಂದು ಈ ಕೆಲಸಕ್ಕೆ ಹಚ್ಚಿದವನು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಇವತ್ತು ಅದರಲ್ಲಿ ಆರು ಖರ್ಚು ಮಾಡಿದ.

"ನನ್ನ ಅಳಿಯ ಕದಿಯಲ್ಲ. ಕದ್ದಿದ್ರೆ ನಾನೂ ಹೋಗ್ತೀನಿ."

ಹದಿನಾಲ್ಕು ವರ್ಷದ ಕೆಲಸ. ತೆಗೆದು ನನ್ನ ತಲೆ ಮೇಲೆ ಇಟ್ಟುಬಿಟ್ಟ.

ಕದ್ದಿಲ್ಲ. ಅಂದಮೇಲೆ ಗಾಡಿಯಲ್ಲೇ ಎಲ್ಲೋ ಇದೆ ಕಾಯಿಲೆ. ಹುಡುಕುತ್ತೇನೆ. ಇಪ್ಪತ್ಮೂರು ದಿನ ಇದೆ, ಸಾಕು.

ರೂಮಿಗೆ ಹೋಗಬೇಕು... ಇನ್ನೂ ಸ್ವಲ್ಪ ಹೊತ್ತು. ಅಲ್ಲಿ ಆರು ಜನ, ಬಾಯಿ ಬಿಟ್ಟರೆ ದಿಂಬು ಹಾರಿ ಬರುತ್ತೆ. ಇಲ್ಲಿ ಕ್ಯಾಬಿನಿನಲ್ಲಿ ಹೀಟರ್ ಇದೆ, ಗಾಜಿಗೆ ಮಂಜು ಹಿಡಿದಿದೆ, ಯಾರಿಗೂ ಕಾಣಲ್ಲ. ಮೊದಲು ಈ ಹೊತ್ತಿಗೆ ಅಕ್ಕನಿಗೆ ಫೋನ್ ಮಾಡುತ್ತಿದ್ದೆ. ನವೆಂಬರಿನಿಂದ ಅವಳಿಗೆ ನೈಟ್ ಡ್ಯೂಟಿ. "ಮಾತು ಹೊಟ್ಟೇಲಿ ಇಟ್ಕೋಬೇಡ ಕಣೋ, ಅಜೀರ್ಣ ಆಗುತ್ತೆ. ಫೋನಿಗಾದ್ರೂ ಹೇಳ್ಕೋ" ಅಂದಳು. ಅವತ್ತಿನಿಂದ ರೆಕಾರ್ಡರ್ ಹಚ್ಚಿ ಹೇಳಿಕೊಳ್ಳುತ್ತಿದ್ದೇನೆ.

ಜನವರಿ 10, ರಾತ್ರಿ 10:45

ಸಿಕ್ಕಿತು ಅನಿಸುತ್ತೆ!

ಗ್ಯಾರೇಜ್ ಅಣ್ಣನ ಹತ್ತಿರ ಹೋದೆ. ಗಾಡಿ ಕಂಡ ತಕ್ಷಣ ಬಕಾಸುರ ಬಂದ ಅಂದ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದ, ನೋಡಿದರೆ ಫಿಲ್ಟರ್ ಕಾಣುತ್ತಲೇ ಇಲ್ಲ. ಮೇಲೆ ಬೆರಳು ದಪ್ಪ ಬಿಳಿ ಹತ್ತಿ. ರಗ್ಗು ಹೊದ್ದು ಮಲಗಿದ ಹಾಗೆ. ಬಟ್ಟೆ ಒಣಗಿಸುವ ಮೆಷಿನ್ನಿನ ಬಿಸಿಗಾಳಿ ಹೊರಗೆ ಬರುವ ಕಿಂಡಿ ಇದೆಯಲ್ಲ, ಅದರ ಕೆಳಗೇ ನಾನು ದಿನಾ ನಿಲ್ಲಿಸುವುದು. ಊರಿನವರ ಬೆಡ್‌ಶೀಟಿನ ಜೂಲೆಲ್ಲ ಒಳಗೆ.

"ಇನ್ನೊಂದು ತಿಂಗಳು ಬಿಟ್ಟಿದ್ರೆ ಒಂದು ಸ್ವೆಟರ್ ಹೆಣೀಬಹುದಿತ್ತು," ಅಂದ.

ಹೊಸ ಫಿಲ್ಟರ್ ಹಾಕಿಸಿದೆ. ಪಾರ್ಕಿಂಗ್ ಜಾಗ ಬದಲಾಯಿಸಿದೆ, ಈಗ ಗೇಟಿನ ಪಕ್ಕ. ಮಾಮನಿಗೆ ಹೇಳಿದೆ. ಹೂಂ ಅಂದ. ಮಾಮನ ಹತ್ತಿರ ಮಾತಾಡುವುದೂ ಒಂದೇ, ಬಾಯ್ಲರ್ ಹತ್ತಿರ ಮಾತಾಡುವುದೂ ಒಂದೇ. ಬಾಯ್ಲರಾದರೂ ಆಗಾಗ ಸಿಳ್ಳೆ ಹಾಕುತ್ತೆ.

ಜನವರಿ 15, ರಾತ್ರಿ 11:30

ಒಂಬತ್ತೂ ಕಾಲು. ಕಾಲು! ಬೆಟ್ಟ ಅಗೆದು ಇಲಿ ಹಿಡಿದದ್ದು ಇದಕ್ಕೇ.

ಇರಲಿ. ಏರಿದೆಯಲ್ಲ. ನಾಳೆ ಚಕ್ರ ನೋಡಿಸುತ್ತೇನೆ.

ಜನವರಿ 17, ರಾತ್ರಿ 12:05

ಜಾಕ್ ಕೊಟ್ಟು ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿದೆವು. ಮೂರು ಬುಗುರಿ. ಹಿಂದಿನ ಎಡಗಡೆಯದು ಅರ್ಧ ಸುತ್ತಿಗೆ ನಿಂತಿತು. ಬ್ರೇಕ್ ಬಿಟ್ಟರೂ ಬಿಡದೆ ಹಿಡಿದುಕೊಂಡಿದೆ. ಎಳೆದುಕೊಂಡು ಓಡುತ್ತಿತ್ತು ಪಾಪ, ಕುಂಟುವ ಕಾಲಿನಲ್ಲಿ. ಬಿಚ್ಚಿ, ತೊಳೆದು, ಸರಿ ಮಾಡಿಸಿದೆ. ಟೈರಿಗೆ ಗಾಳಿ ಹಿಡಿಸಿದೆ. ಡೀಸೆಲ್ ಫಿಲ್ಟರ್ ಹೊಸದು. ಗ್ಯಾರೇಜ್ ಅಣ್ಣ ಇಂಜಿನ್ ಕೇಳಿಸಿಕೊಂಡ, ಹೊಗೆ ನೋಡಿದ. ಇಂಜಿನ್ ಗಟ್ಟಿ ಇದೆ ಅಂತ ಪ್ರಮಾಣ ಮಾಡಿದ.

ಬರುವಾಗ ಗೇಟಿನ ವಾಚ್‌ಮನ್ ತಾತ ತಡೆದ. ಇಲ್ಲಿ ತಂದು ನಿಲ್ಲಿಸಿದಾಗಿನಿಂದ ಅವನ ಗೂಡಿಗೂ ನನ್ನ ಗಾಡಿಗೂ ಹತ್ತೇ ಹೆಜ್ಜೆ. ಏನಯ್ಯಾ, ನಿನ್ನ ಗಾಡಿಗೂ ನೈಟ್ ಶಿಫ್ಟಾ, ರಾತ್ರಿಯೆಲ್ಲ ಗೊರಕೆ ಹೊಡೆಯುತ್ತೆ ಅಂದ. ಮುದುಕನಿಗೆ ನಿದ್ದೆ ಕೆಡುತ್ತೆ, ಪಾಪ. ಡ್ಯೂಟಿಯಲ್ಲಿ ನಿದ್ದೆ ಯಾಕೆ ಅಂತ ನಾನೂ ಕೇಳಿದೆ. ಇಬ್ಬರೂ ನಕ್ಕೆವು.

ಜನವರಿ 22, ಸಂಜೆ 6:40

ಒಂಬತ್ತೂವರೆಗೂ ಬರಲಿಲ್ಲ. ಮುನ್ನೂರ ಐವತ್ತೆಂಟಕ್ಕೆ ಮೂವತ್ತೆಂಟು ಲೀಟರ್.

ಗಾಡಿಯಲ್ಲಿ ಇನ್ನು ಬಿಚ್ಚುವುದಕ್ಕೆ ಏನೂ ಉಳಿದಿಲ್ಲ. ಅಂದರೆ ಕಾಯಿಲೆ ಗಾಡಿಯದಲ್ಲ. ಯಾರೋ ಎಳೆಯುತ್ತಿದ್ದಾರೆ. ಇಲ್ಲಾ ಸೋರುತ್ತಿದೆ.

ಇವತ್ತು ಎರಡಕ್ಕೂ ತೀರ್ಮಾನ. ಟ್ಯಾಂಕ್ ಕತ್ತಿನವರೆಗೆ ಇದೆ. ಕೆಳಗೆ ರಟ್ಟು ಹಾಸಿದ್ದೇನೆ, ಒಂದು ಹನಿ ಬಿದ್ದರೂ ಕಲೆ ಕಾಣಬೇಕು. ನಾನು ರಾತ್ರಿ ಪೂರ್ತಿ ಇಲ್ಲೇ.

ಜನವರಿ 23, ಬೆಳಗಿನ ಜಾವ 3:40

ಇನ್ನೂ ಯಾರೂ ಬಂದಿಲ್ಲ. ಮೈ ಕೊರೆಯುವ ಚಳಿ. ಎರಡೂವರೆಗೆ ಹೀಟರ್ ಹಾಕದಿದ್ದರೆ ಕಳ್ಳ ಬರುವಷ್ಟರಲ್ಲಿ ನಾನು ಹೆಪ್ಪುಗಟ್ಟಿರುತ್ತಿದ್ದೆ. ಸೀಟಿನ ಕೆಳಗೆ ಸ್ಪ್ಯಾನರ್ ಇದೆ. ಬರಲಿ. ಹಿಡಿದು, ಕಿವಿ ಹಿಂಡಿ, ನೇರ ಗಂಜಿಯ ಟೇಬಲ್ ಮುಂದೆ ನಿಲ್ಲಿಸುತ್ತೇನೆ. ನೋಡಿ, ನಾನಲ್ಲ, ಇವನು.

ಕಣ್ಣು ಎಳೆಯುತ್ತಿದೆ...

ಜನವರಿ 23, ಬೆಳಗ್ಗೆ 7:15

ರಟ್ಟು ಒಣಗಿದೆ. ಒಂದು ಚುಕ್ಕೆ ಇಲ್ಲ. ಆದರೆ ಟ್ಯಾಂಕ್ ಇಳಿದಿದೆ! ಕ್ಯಾನಿನಿಂದ ಲೀಟರ್ ಬಾಟಲಿಯಲ್ಲಿ ಅಳೆದು ಹೊಯ್ದೆ — ನಾಲ್ಕು ಬಾಟಲಿ ಹಿಡಿಯಿತು. ಗಾಡಿ ಒಂದು ಇಂಚು ಕದಲಿಲ್ಲ, ನಾಲ್ಕು ಲೀಟರ್ ಮಾಯ. ನಾನು ಒಳಗೇ ಕೂತಿದ್ದೆ!

ನಾಲ್ಕರಿಂದ ಐದು ನಿದ್ದೆ ಹತ್ತಿತ್ತು. ಆ ಒಂದು ಗಂಟೆ. ಆ ಹೊತ್ತಿನಲ್ಲಿ ಇಲ್ಲಿ ಎಚ್ಚರ ಇದ್ದವನು ಒಬ್ಬನೇ.

ಜನವರಿ 23, ರಾತ್ರಿ 9:50

ತಾತನನ್ನು ಕೇಳಿಬಿಟ್ಟೆ. ನಾಲ್ಕರಿಂದ ಐದರವರೆಗೆ ಎಲ್ಲಿದ್ದೆ ತಾತ ಅಂತ. ಮುಖ ನೋಡಿದ. ತನ್ನ ಚೀಲ ತಂದು, ಬಾನೆಟ್ ಮೇಲೆ ಒಂದೊಂದೇ ತೆಗೆದು ಇಟ್ಟ. ಟಾರ್ಚು. ಮಫ್ಲರ್. ಫ್ಲಾಸ್ಕು. ಮಾತ್ರೆ ಚೀಟಿ. ಆಮೇಲೆ ಚೀಲ ತಲೆಕೆಳಗೆ ಮಾಡಿ ಒದರಿದ.

"ಸಾಕಾ? ಜೇಬೂ ತೋರಿಸ್ಲಾ?"

ಗಂಜಿ ನನಗೆ ಮಾಡಿದ್ದನ್ನೇ ನಾನು ಅವನಿಗೆ ಮಾಡಿದೆ. ಗಂಜಿಯಾದರೂ ಒಳಗೆ ಕರೆದು ಕೇಳಿದ್ದರು.

ಜನವರಿ 27, ರಾತ್ರಿ 10:20

ಮೂರು ದಿನ ಏನೂ ಹೇಳಿಕೊಂಡಿಲ್ಲ. ಮನಸ್ಸಿರಲಿಲ್ಲ. ಕ್ಯಾಬಿನಿಗೂ ಬಂದಿರಲಿಲ್ಲ.

ಇವತ್ತು ಒಂದು ಉಪಾಯ ಹೊಳೆಯಿತು. ಪ್ರತಿ ವಾರದ ಲೀಟರು, ಕಿಲೋಮೀಟರು ಎಲ್ಲ ಈ ಫೋನಿಗೆ ಹೇಳಿದ್ದೇನಲ್ಲ. ಮೊದಲಿನಿಂದ ಕೇಳಿದರೆ ಯಾವ ವಾರ ಬಿದ್ದದ್ದು ಅಂತ ಸಿಗುತ್ತೆ. ಆ ವಾರ ಏನು ಬದಲಾಯಿತು ಅಂತ ಯೋಚಿಸಬಹುದು. ಬಂದು ಕೂತೆ, ಇಂಜಿನ್ ಹಚ್ಚಿ ಹೀಟರ್ ಹಾಕಿದೆ, ನವೆಂಬರಿನದು ಹಚ್ಚಿದೆ. ನನ್ನ ದನಿ ಸರಿಯಾಗಿ ಕೇಳಿಸಲಿಲ್ಲ, ಇಂಜಿನ್ ಸದ್ದು. ಕೀ ತಿರುಗಿಸಿ ಆಫ್ ಮಾಡಿದೆ.

ಸದ್ದು ನಿಲ್ಲಲಿಲ್ಲ.

ಡುಗುಡುಗುಡುಗು... ಫೋನಿನೊಳಗಿನಿಂದ. ಮುಂದಿನದು ಹಚ್ಚಿದೆ. ಅದರಲ್ಲೂ. ಅದರ ಮುಂದಿನದು. ಎಲ್ಲದರಲ್ಲೂ. ನಾನು ಒಂಬತ್ತು ಒಂಬತ್ತು ಅಂತ ಗೋಳಾಡುತ್ತಿದ್ದೇನೆ, ಹಿಂದೆ ಕೂತು ಅದು ಕುಡಿಯುತ್ತಿದೆ. ಕಳ್ಳನನ್ನು ಕಾಯುತ್ತೇನೆ ಅಂತ ಪೌರುಷ ಕೊಚ್ಚಿದ ರಾತ್ರಿಯದೂ ಕೇಳಿದೆ. ಡುಗುಡುಗು.

ಗಾಡಿ ಕಲಿಸಿದ ಗುರುಗಳು ಹೇಳುತ್ತಿದ್ದರು, ಡೀಸೆಲ್ ಇಂಜಿನ್ ನಿಂತಲ್ಲಿ ಉಸಿರಾಡುತ್ತೆ, ಊಟ ಮಾಡಲ್ಲ ಅಂತ. ವೇದವಾಕ್ಯ ಅಂತ ನಂಬಿದ್ದೆ. ಮಾತು ಶುರುವಾದದ್ದು ನವೆಂಬರ್. ಮೈಲೇಜ್ ಬಿದ್ದದ್ದು ನವೆಂಬರ್.

ಇಂಜಿನ್ ಆಫ್ ಇದೆ ಈಗ. ಹಲ್ಲು ಕಟಕಟ ಅನ್ನುತ್ತಿದೆ. ಸಾಕು.

ಜನವರಿ 28, ಮಧ್ಯಾಹ್ನ 3:30

ಟ್ರಿಪ್ ಇರಲಿಲ್ಲ. ಟ್ಯಾಂಕ್ ಕತ್ತಿನವರೆಗೆ ತುಂಬಿಸಿ, ಹೀಟರ್ ಹಾಕಿ, ಗಡಿಯಾರ ನೋಡಿಕೊಂಡು ಎರಡು ಗಂಟೆ ಇಂಜಿನ್ ಓಡಿಸಿದೆ. ತಾತನನ್ನೇ ಸಾಕ್ಷಿಗೆ ಕೂರಿಸಿಕೊಂಡೆ. ಆಮೇಲೆ ಬಾಟಲಿಯಲ್ಲಿ ಹೊಯ್ದೆ. ಒಂದು ಬಾಟಲಿ ಪೂರ್ತಿ, ಇನ್ನೊಂದರಲ್ಲಿ ಮುಕ್ಕಾಲು.

ದಿನಾ ಒಂದೂವರೆ, ಒಂದೂ ಮುಕ್ಕಾಲು ಗಂಟೆ ಕೂರುತ್ತೇನೆ. ವಾರಕ್ಕೆ ಹತ್ತು ಲೀಟರ್. ನಲವತ್ತರಲ್ಲಿ ಹತ್ತು ಕಳೆದರೆ ಮೂವತ್ತು. ಮುನ್ನೂರ ಅರವತ್ತು ಭಾಗಿಸು ಮೂವತ್ತು.

ಹನ್ನೆರಡು.

ತಾತನ ಕೈ ಹಿಡಿದುಕೊಂಡು ತಪ್ಪಾಯ್ತು ಅಂದೆ. "ಗೊರಕೆ ಅಂತ ಅವತ್ತೇ ಹೇಳಿದ್ನಲ್ಲೋ ಪೆದ್ದಪ್ಪ," ಅಂದ. ಫ್ಲಾಸ್ಕಿನಿಂದ ಅರ್ಧ ಮುಚ್ಚಳ ಟೀ ಕೊಟ್ಟ.

ಜನವರಿ 29, ರಾತ್ರಿ 10:00

ಕ್ಯಾಬಿನ್. ಇಂಜಿನ್ ಇಲ್ಲ, ಕಂಬಳಿ ಇದೆ. ಬೇಗ ಹೇಳಿ ಮುಗಿಸುತ್ತೇನೆ.

ಯಾರಿಗೂ ಹೇಳದೆ ಸುಮ್ಮನಿದ್ದುಬಿಡಬಹುದು. ರಾತ್ರಿ ಕೂರುವುದು ಬಿಟ್ಟರೆ ಮುಂದಿನ ವಾರ ತಾನೇ ಹನ್ನೆರಡು ಬರುತ್ತೆ. ಬ್ರೇಕ್ ಸರಿ ಮಾಡಿಸಿದೆನಲ್ಲ, ಅದರ ಹೆಸರು ಹೇಳಿದರಾಯಿತು... ಮಧ್ಯಾಹ್ನದವರೆಗೂ ಅದೇ ಯೋಚನೆ. ಆಮೇಲೆ ಗಂಜಿಯ ಕಡೆಯಿಂದ ನೋಡಿದೆ. ಎಚ್ಚರಿಕೆ ಕೊಟ್ಟ ತಿಂಗಳೇ ಮೈಲೇಜ್ ಏರಿತು ಅಂದರೆ ಏನರ್ಥ? ಹೆದರಿ ಕದಿಯುವುದು ಬಿಟ್ಟ ಅಂತ. ನಾನು ಉಳಿದುಕೊಳ್ಳುತ್ತೇನೆ, ಮಾಮನ ಮಾತು ಉಳಿಯಲ್ಲ.

ಹೇಳಲೇಬೇಕು. ನವೆಂಬರಿನಿಂದ ಕೂತದ್ದಕ್ಕೆ ಸಾಕ್ಷಿ ಒಂದೇ ಇದೆ. ಈ ಫೋನು. ತಾರೀಕು, ಗಂಟೆ, ಇಂಜಿನ್ ಸದ್ದು ಎಲ್ಲ ಇದರಲ್ಲಿದೆ.

ಗಂಜಿ ಅಂತ ಕರೆದದ್ದೂ ಇದೆ. ಬಾಯ್ಲರಿನ ಸಿಳ್ಳೆಯೂ ಇದೆ. ಅಕ್ಕನನ್ನು ನೆನೆದು ಅತ್ತದ್ದು ಒಂದಿದೆ, ಡಿಸೆಂಬರಿನದು... ಯಾವುದನ್ನೂ ಅಳಿಸಲ್ಲ. ಒಂದು ಅಳಿಸಿದರೂ ಉಳಿದದ್ದರ ಮೇಲೆ ಅನುಮಾನ ಬರುತ್ತೆ.

ಜನವರಿ 30, ಸಂಜೆ 5:20

ಆಯಿತು.

ಆಫೀಸಿನಲ್ಲಿ ಅಮ್ಮಾವ್ರು, ಮಾಮ, ನಾನು. ಎಲ್ಲ ಹೇಳಿ ಫೋನ್ ಟೇಬಲ್ ಮೇಲೆ ಇಟ್ಟೆ. ಯಾವುದನ್ನಾದರೂ ನೀವೇ ಒತ್ತಿ ಅಂದೆ. ಒತ್ತಿದರು. ಮೂರು ಕೇಳಿದರು, ಪೂರ್ತಿ. ಮಧ್ಯದಲ್ಲಿ ಒಂದೇ ಸಲ ನಿಲ್ಲಿಸಿದರು.

"ಗಂಜಿ ಅಂದ್ರೆ ನಾನಾ?"

ಹೌದು ಅಂದೆ. ಮತ್ತೆ ಒತ್ತಿದರು. ಬಾಯ್ಲರ್ ಸಿಳ್ಳೆಯ ಮಾತು ಬಂದಾಗ ಮಾಮ ಕಿಟಕಿ ಕಡೆ ತಿರುಗಿ ನಿಂತ. ಎಲ್ಲದರ ಹಿಂದೆಯೂ ಇಂಜಿನ್, ಸುಳ್ಳು ಹೇಳಲು ಬಾರದ ಇಂಜಿನ್.

ಕೊನೆಗೆ ಕೇಳಿದರು. "ಇಷ್ಟೆಲ್ಲ ಯಾರ ಹತ್ರ ಮಾತಾಡ್ತೀಯ?"

ಯಾರ ಹತ್ತಿರವೂ ಇಲ್ಲ ಅಂದೆ. ಆ ಪ್ರಶ್ನೆಗೆ ತಯಾರಾಗಿರಲಿಲ್ಲ.

ತೀರ್ಪು ಕೊಟ್ಟಿಲ್ಲ. ಇನ್ನೊಂದು ವಾರ ಓಡಿಸಬೇಕು. ಸಂಜೆ ಕೀ ಆಫೀಸಿನ ಮೊಳೆಗೆ ನೇತುಹಾಕಬೇಕು. ಹನ್ನೆರಡು ಬಂದರೆ ಕೀ ನನ್ನದು, ಬರದಿದ್ದರೆ ಮೊಳೆಯದು. ಬಾಗಿಲಲ್ಲಿ ಮಾಮನ ಮುಖ ನೋಡಲು ಧೈರ್ಯ ಆಗಲಿಲ್ಲ. ಅವನೂ ಏನೂ ಹೇಳಲಿಲ್ಲ. ದಿನದ ಹತ್ತು ಮುಗಿದಿತ್ತೇನೋ.

ಫೆಬ್ರವರಿ 7, ರಾತ್ರಿ 10:30

ಬಾಯ್ಲರ್ ರೂಮಿನಲ್ಲಿದ್ದೇನೆ. ಎಂಟು ದಿನ ಆಯಿತು ಮಾತಾಡಿ. ನಿನ್ನೆ ಸಂಜೆ ಕೀ ಮೊಳೆಗೆ ಹಾಕಿ ಬರುತ್ತಿದ್ದಾಗ ಮಾಮ ಎದುರು ಬಂದು, ಅಲ್ಲಿ ಬೆಚ್ಚಗಿರುತ್ತೆ ಅಂದ. ಅಷ್ಟೇ ಹೇಳಿ ಹೋದ. ಇವತ್ತು ಬಂದು ನೋಡಿದರೆ ಗೋಡೆಗೆ ಒಂದು ಚಾಪೆ ಒರಗಿಸಿದ್ದ, ಹೊಸದು. ಬಾಯ್ಲರ್ ಆಫಾಗಿ ಮೂರು ಗಂಟೆಯಾದರೂ ಗೋಡೆ ಇನ್ನೂ ಬಿಸಿ. ಮಾಮ ಆ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ. ಮೆಲ್ಲಗೆ ಹೇಳುತ್ತೇನೆ.

ಬಂಕಿನಲ್ಲಿ ಕತ್ತಿನವರೆಗೆ ತುಂಬಿಸಿದೆ. ಅಮ್ಮಾವ್ರೇ ಪಕ್ಕದ ಸೀಟಿನಲ್ಲಿ ಬಂದಿದ್ದರು, ನೆಟ್ಟಗೆ ಕೂತು. ಮುನ್ನೂರ ಅರವತ್ತೆರಡು ಕಿಲೋಮೀಟರ್. ಪಂಪಿನ ಅಂಕಿ ಇಪ್ಪತ್ತೆಂಟು ದಾಟಿತು, ಇಪ್ಪತ್ತೊಂಬತ್ತು, ಇಪ್ಪತ್ತೊಂಬತ್ತೂವರೆ... ಟಕ್ ಅಂತ ನಿಂತಿತು. ಅಮ್ಮಾವ್ರು ಚೀಟಿಯ ಹಿಂದೆ ತಾವೇ ಭಾಗಿಸಿದರು. ಎರಡು ಸಲ. ಹನ್ನೆರಡೂ ಕಾಲು. ಕೀ ನನ್ನ ಕೈಗೆ ಕೊಟ್ಟರು. "ಗಂಜಿ ಕೊಟ್ಲು ಅಂತ ಇವತ್ತು ಫೋನಿಗೆ ಹೇಳು" ಅಂದರು. ನಗಲಿಲ್ಲ. ನಕ್ಕರೇನೋ. ಕಾಲರ್ ಸ್ವಲ್ಪ—

"ಆಮೇಲೆ?"

ಮಾಮ. ಎದ್ದು ಕೂತಿದ್ದಾನೆ. ಕತ್ತಲಲ್ಲಿ ಚಾಪೆ ಹತ್ತಿರ ಎಳೆದುಕೊಳ್ಳುತ್ತಿದ್ದಾನೆ. ಆಮೇಲೆ ಏನಾಯ್ತೋ, ಹೇಳು ಅಂತಿದ್ದಾನೆ. ಫೋನ್ ಆಫ್ ಮಾಡ್ತೀನಿ, ಮಾಮ ಇನ್ನೂ ಏನೋ