ಕಾಂಚಾ ಮರಿಯ ಕಂದು ಮಚ್ಚೆಗಳು

ಚುಯಾಪಂಪ, ಪುನೋ ಸೀಮೆ
ಜೂನ್ ೧೮, ಬುಧವಾರ

ಪ್ರೀತಿಯ ದೇಯ್ಸಿ ಮರೀ,

ಹೇಗಿದ್ದೀಯ? ಅರೆಕಿಪಾದ ಬೇಕರಿಯ ಒಲೆಯ ಮುಂದೆ ನಿಂತು ನಿಂತು ನಿನ್ನ ಕೆಮ್ಮು ಹೆಚ್ಚಾಯಿತೋ ಕಡಿಮೆಯಾಯಿತೋ? ನಿಮ್ಮಮ್ಮ ಕಟ್ಟಿಕೊಟ್ಟ ಮುನ್ಯಾ ಸೊಪ್ಪಿನ ಕಷಾಯ ಕುಡಿಯುತ್ತಿದ್ದೀಯಾ, ಇಲ್ಲ ಪಟ್ಟಣದವಳಾಗಿ ಅದರ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತೀಯಾ? ನಾವಿಲ್ಲಿ ಚೆನ್ನಾಗಿದ್ದೇವೆ. ಹಿಮ ಬೀಳುವ ಹಿಂದಿನ ದಿನವೇ ನನ್ನ ಎಡ ಮೊಣಕಾಲು ಸುದ್ದಿ ಹೇಳುತ್ತದೆ, ರೇಡಿಯೊಗಿಂತ ವಾಸಿ. ಈ ವಾರ ಆಲೂಗಡ್ಡೆಯನ್ನು ಚಳಿಗೆ ಹರವಿ, ತುಳಿದು, ಒಣಗಿಸಿ, ಚುನ್ಯೊ ಮಾಡಿದೆವು. ತುಳಿಯುವುದರಲ್ಲಿ ನಿನ್ನ ಮಾವನನ್ನು ಮೀರಿಸುವವರು ಈ ಬೆಟ್ಟದಿಂದ ಆ ಬೆಟ್ಟದವರೆಗೆ ಯಾರೂ ಇಲ್ಲ, ಒಬ್ಬನೇ ಹದಿನಾರು ಮೂಟೆ ತುಳಿದೆ. ನಿಮ್ಮಮ್ಮನನ್ನು ಕೇಳಿದರೆ, "ತುಳಿದದ್ದು ನಾಲ್ಕು, ಕೊಚ್ಚಿಕೊಂಡದ್ದು ಹನ್ನೆರಡು" ಅನ್ನುತ್ತಾಳೆ. ಅವಳ ಮಾತು ಬಿಡು.

ಫೋನ್ ಮಾಡದೆ ಕಾಗದ ಯಾಕೆ ಎಂದು ನಗಬೇಡ. ಗುಡ್ಡ ಹತ್ತಿದರೆ ಸಿಗ್ನಲ್ ಸಿಗುತ್ತದೆ. ಮೂರು ಸಲ ಹತ್ತಿದೆ ಕೂಡ. ಮೂರು ಸಲವೂ ನಿನ್ನ ದನಿ ಕೇಳಿದ ಕೂಡಲೇ ಹೇಳಬೇಕಾದದ್ದು ಬಿಟ್ಟು ಬಡಾಯಿ ಕೊಚ್ಚಿ ಇಳಿದು ಬಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ಐದನೇ ಕ್ಲಾಸಿಗೇ ಮೇಷ್ಟರ ಹತ್ತಿರ ಕಲಿಯುವುದೆಲ್ಲ ಮುಗಿದು ಶಾಲೆ ಬಿಟ್ಟವನು ನಾನು, ಕೈಗೆ ಬಾಯಿಯಷ್ಟು ಓಟವಿಲ್ಲ. ಒಂದೊಂದು ಅಕ್ಷರಕ್ಕೂ ಕಾಯುತ್ತ ಕೂತರೆ ಸುಳ್ಳಿಗೂ ಬೇಸರ ಬಂದು ಎದ್ದು ಹೋಗುತ್ತದೆ.

ಭಾನುವಾರ ನಿಮ್ಮಮ್ಮ ಒಲೆಗೆ ಬೆರಣಿ ತುಂಬುತ್ತ ಒಂದು ಸುದ್ದಿ ಹೇಳಿದಳು. ನಿನ್ನ ಬೇಕರಿಯ ಬೀದಿಯಲ್ಲೇ ಚಿತ್ರ ಕಲಿಸುವ ಮೇಡಮ್ ಒಬ್ಬರಿದ್ದಾರಂತೆ. ಬ್ರೆಡ್ಡಿನ ಚೀಲದ ಮೇಲೆ ನೀನು ಸುಮ್ಮನೆ ಗೀಚಿದ್ದ ಕುರಿಮರಿಯನ್ನು ನೋಡಿ, ಜುಲೈ ಒಂದರಿಂದ ಸಂಜೆಯ ತರಗತಿಗೆ ಬಾ ಎಂದು ಕರೆದರಂತೆ. ನೀನು ಬರುವುದಿಲ್ಲ ಎಂದೆಯಂತೆ. "'ನನ್ನ ಕೈ ನಂಬೋ ಹಾಗಿಲ್ಲಮ್ಮ, ಕಾಂಚಾನ ಒಂದ್ಸಲ ಚಳಿ ಕೊಂದ್ರೆ ಇನ್ನೊಂದ್ಸಲ ನಾನೇ ಕೊಂದೆ' ಅಂದ್ಳು ಕಣೋ ತಮ್ಮಾ" ಎಂದು ಹೇಳಿ ನಿಮ್ಮಮ್ಮ ಬೆರಣಿ ಮುರಿದಳು. ನಾನು ಹೊಗೆ ಹೊಗೆ ಎಂದು ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದೆ. ಹೊಗೆ ಅಷ್ಟೇನೂ ಇರಲಿಲ್ಲ.

ಕಾಂಚಾ ನನಗೆ ಮರೆತಿದೆ ಅಂದುಕೊಂಡೆಯಾ? ತಾಯಿ ಸತ್ತ ಆ ಅಲ್ಪಾಕಾ ಮರಿಯನ್ನು ಬೆನ್ನಿಗೆ ಕಟ್ಟಿಕೊಂಡು, ಬಾಟಲಿಯ ಹಾಲು ಕುಡಿಸಿ ಸಾಕಿದವಳು ನೀನು. ಬಿಳಿ ಮೈ ಮೇಲೆ ಅಲ್ಲಲ್ಲಿ ಕಂದಿದ ಮಚ್ಚೆ, ಅದಕ್ಕೇ ಕಾಂಚಾ ಎಂದು ಹುರಿದ ಜೋಳದ ಹೆಸರನ್ನೇ ಇಟ್ಟೆ. ಮಚ್ಚೆಯ ಉಣ್ಣೆ ಕಂಡರೆ ಕೊಳ್ಳುವವರು ಮೂಗು ಮುರಿಯುತ್ತಾರೆ, ಅಂಥ ಮರಿಯ ಫೋಟೊ ನಮ್ಮಲ್ಲಿ ಯಾರೂ ತೆಗೆಯುವುದಿಲ್ಲ. ನೀನೊಬ್ಬಳೇ ಅದನ್ನು ನಮ್ಮ ಅಲ್ಪಾಕಾ ಸಾಕುವವರ ಸಂಘದ ಉಣ್ಣೆ ಕೋಣೆಯ ಬಾಗಿಲಿಗೆ ಕಟ್ಟಿ, ಕಂಪ್ಯೂಟರಿನ ಮುಂದೆ ಕೂತು, ನೋಡಿ ನೋಡಿ ಅದರಲ್ಲೇ ಚಿತ್ರ ಬರೆದೆ. ಆಗಸ್ಟಿನ ಹಿಮಕ್ಕೆ ಅದು ಸತ್ತ ಮೇಲೂ ಬರೆಯುತ್ತಲೇ ಇದ್ದೆ. ಒಂದರ ಮೇಲೊಂದು ಗಾಜು ಹಾಸಿದ ಹಾಗೆ, ಮೈಗೊಂದು ಪದರ, ನೆರಳಿಗೊಂದು, ಒಳಗಿನ ತುಪ್ಪಳಕ್ಕೊಂದು, ಮೇಲಿನ ಕೂದಲಿಗೆ ನಾಲ್ಕೋ ಐದೋ, ಮಚ್ಚೆಗಳಿಗೇ ಬೇರೆ ಒಂದು. ಒಟ್ಟು ಹದಿನಾಲ್ಕು. ನಾನು ಹಿಂದೆ ನಿಂತು, "ಒಂದು ಮರಿಗೆ ಹದಿನಾಲ್ಕು ತೊಗಲೇನೇ? ಇದೇನು ಈರುಳ್ಳಿಯಾ?" ಎಂದು ಕಾಡಿಸಿದೆ. ನೀನು ತಿರುಗಿಯೂ ನೋಡದೆ, "ಸುಮ್ನಿರು ಮಾವ. ಬೇರೆ ಬೇರೆ ಇದ್ರೇನೇ ಒಂದರ ತಪ್ಪು ಇನ್ನೊಂದಕ್ಕೆ ಅಂಟಲ್ಲ" ಎಂದೆ.

ಸಂಘದ ಸ್ವೆಟರುಗಳಿಗೆ ಕಟ್ಟುವ ಚೀಟಿಯ ಮೇಲೆ ನಿನ್ನ ಚಿತ್ರವೇ ಇರಲಿ ಎಂದು ತೀರ್ಮಾನವಾಗಿತ್ತು. ಉಣ್ಣೆ ಕೊಳ್ಳುವ ಕಂಪನಿಯ ಇಂಜಿನಿಯರಮ್ಮ ಬರುವ ದಿನ ಬೆಳಿಗ್ಗೆ ನೀನು ತೆರೆದರೆ ಹದಿನಾಲ್ಕೂ ಒಂದಾಗಿ, ಮಚ್ಚೆಗಳೆಲ್ಲ ಹೋಗಿ, ಬರೀ ಬಿಳಿ ಮರಿ. ಇದ್ದದ್ದು ಅದೊಂದೇ ಪ್ರತಿ. ತುಪ್ಪಳ ತಿದ್ದುವಾಗ ನೀನು ಮಚ್ಚೆಯ ಪದರವನ್ನು ಮರೆ ಮಾಡುತ್ತಿದ್ದೆಯಲ್ಲ, ಪದರದ ಪಕ್ಕದ ಆ ಪುಟ್ಟ ಕಣ್ಣಿನ ಗುರುತನ್ನು ಒತ್ತಿ. "ನಿದ್ದೆಗಣ್ಣಲ್ಲಿ ಆ ಕಣ್ಣು ಮುಚ್ಚಿಟ್ಟೇ ಎಲ್ಲಾ ಸೇರಿಸಿಬಿಟ್ನಾ ಮಾವ?" ಎಂದು ಕೇಳಿದೆ. ನಾನು ಪಕ್ಕದಲ್ಲೇ ನಿಂತಿದ್ದೆ. "ಆಗುತ್ತೆ ಬಿಡೇ, ದೊಡ್ಡ ದೊಡ್ಡೋರಿಗೇ ಆಗುತ್ತೆ" ಎಂದೆ. ಇಂಜಿನಿಯರಮ್ಮ ಚಿತ್ರವನ್ನು ಒಂದು ಕ್ಷಣ ನೋಡಿ, "ಇದು ಮರಿಯಲ್ಲ, ದಿಂಬು" ಎಂದು ಪಕ್ಕಕ್ಕಿಟ್ಟರು. ಜನವರಿಯಲ್ಲಿ ನೀನು ಬಸ್ಸು ಹತ್ತಿದೆ.

ಈಗ ನನ್ನ ಪರಾಕ್ರಮ ಕೇಳು. ನೀನು ಹೋದಂದಿನಿಂದ ನಾನು ದಿನಾ ಉಣ್ಣೆ ಕೋಣೆಗೆ ಹೋಗಿ ಕಾಂಚಾನ ಚಿತ್ರ ಬರೆಯುತ್ತಿದ್ದೇನೆ, ಪದರ ಪದರವಾಗಿಯೇ. ಸಂಘದ ಅಧ್ಯಕ್ಷ ಫೋರ್ತುನಾತೊ ಬಾಗಿಲಲ್ಲಿ ನಿಂತು, "ಲೇ ಸತುರ್ನೀನೊ, ಮಂದೆ ಬೆಟ್ಟದಲ್ಲಿದೆ, ಪೆಟ್ಟಿಗೆಯೊಳಗೇನ್ ಮೇಯಿಸ್ತಿದ್ದೀಯೋ?" ಎಂದು ಹಂಗಿಸುತ್ತಾನೆ. ಹಂಗಿಸಲಿ. ನನ್ನ ಮೊದಲ ಮರಿ ಗುದ್ದಲಿ ನುಂಗಿದ ನಾಯಿಯ ಹಾಗೆ ಬಂತು. ಎರಡನೆಯದನ್ನು ನೋಡಿ ನಿಮ್ಮಮ್ಮ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಆದರೆ ಮೂವತ್ತು ವರ್ಷ ಉಣ್ಣೆ ಕತ್ತರಿಸಿದ ಕೈ ಇದು, ಯಾವ ಜಾಗದ ಕೂದಲು ಯಾವ ಕಡೆ ಮಲಗುತ್ತದೆ ಎಂದು ಕತ್ತಲೆಯಲ್ಲೂ ಹೇಳುತ್ತೇನೆ. ಮೂಗಿನ ಮೇಲೆ ಗಿಡ್ಡ, ಕುತ್ತಿಗೆಯಲ್ಲಿ ಕೆಳಮುಖ, ಹೊಟ್ಟೆಯ ಬಳಿ ಸಡಿಲ. ಒಂದೊಂದು ಎಳೆಯೂ ಬುಡದಿಂದ ತುದಿಗೆ, ತುದಿ ಬಂದಾಗ ಕೈ ಹಗುರ. ಒಂದು ಕಿವಿಗೆ ಮೂರು ದಿನ ಹಿಡಿಯಿತು. ಅಷ್ಟು ತಿಂಗಳು ನೀನು ಅಲ್ಲಿ ಕೂತು ಏನು ಮಾಡುತ್ತಿದ್ದೆ ಎಂಬುದು ಆ ಮೂರು ದಿನದಲ್ಲಿ ನನಗೆ ತಿಳಿಯಿತು. ತಿಳಿಯಬಾರದ ಹೊತ್ತಿನಲ್ಲಿ ತಿಳಿಯಿತು.

ಒಂಬತ್ತನೇ ಮರಿ ಮರಿಯ ಹಾಗೇ ಇದೆ, ನನ್ನಾಣೆ. ಮಚ್ಚೆ ಮಾತ್ರ ಬರುತ್ತಿಲ್ಲ. ಏಳು ಮಚ್ಚೆ ಇದ್ದವು ಎಂದು ನಾನು, ಒಂಬತ್ತು ಎಂದು ನಿಮ್ಮಮ್ಮ. ಎಡಗಣ್ಣಿನ ಸುತ್ತ ಒಂದಿತ್ತು, ಅದರಲ್ಲಿ ಜಗಳವಿಲ್ಲ. ಉಳಿದವನ್ನು ಎಲ್ಲಿಟ್ಟರೂ ಅದು ಯಾರದೋ ಮರಿಯಾಗಿಬಿಡುತ್ತದೆ.

ಚಳಿಗೆ ಎರಡು ಜೊತೆ ಕಾಲುಚೀಲ ಹಾಕಿಕೋ. ಬೇಕರಿಯವರು ಬೈದರೆ ಬಾಯಿಗೆ ಬಾಯಿ ಕೊಡಬೇಡ, ಆ ಗುಣ ನನ್ನ ಕಡೆಯಿಂದ ಬಂದದ್ದು, ಅದನ್ನು ನನಗೇ ಬಿಡು. ನಿಮ್ಮಮ್ಮ ಮುತ್ತು ಕಳಿಸಿದ್ದಾಳೆ. ಬೆಟ್ಟದಪ್ಪಂದಿರು ನಿನ್ನ ಎರಡೂ ಕೈಗಳನ್ನು ಬೆಚ್ಚಗಿಡಲಿ.

ನಿನ್ನ ಸೋದರಮಾವ,
ಸತುರ್ನೀನೊ

ತಾ.ಕ.: ಈ ಕಾಗದ ಒಯ್ಯಬೇಕಾದ ಬಸ್ಸಿನ ರೋಮುಲೊ ಹಾರ್ನ್ ಹೊಡೆಯುತ್ತ, "ಯಜಮಾನ್ರೇ, ಮೊಮ್ಮಕ್ಕಳ ಕಾಲಕ್ಕಾದ್ರೂ ಮುಗಿಸ್ತೀರಾ?" ಎನ್ನುತ್ತಿದ್ದಾನೆ. ಬೇಗ ಹೇಳಿಬಿಡುತ್ತೇನೆ. ಅದು ನೀನಲ್ಲ, ನಾನು. ಇಂಜಿನಿಯರಮ್ಮ ಬರುವ ಹಿಂದಿನ ಸಂಜೆ ಫೋರ್ತುನಾತೊ, "ಕಲೆಬಿದ್ದ ಮರಿ ತೋರ್ಸಿ ಬಿಳಿ ಉಣ್ಣೆ ಮಾರೋದಾ?" ಎಂದು ಗೊಣಗಿದ. ನಾನು ಎದೆ ತಟ್ಟಿಕೊಂಡು, "ನಂಗ್ಬಿಡು, ಗಳಿಗೇಲಿ ಬೆಳ್ಳಗೆ ಮಾಡ್ತೀನಿ" ಎಂದೆ. ಮಚ್ಚೆಯ ಕಣ್ಣು ಮುಚ್ಚಿದವನು ನಾನು. ಅಷ್ಟಕ್ಕೇ ನಿಲ್ಲಿಸಿದ್ದರೆ ಬೆಳಿಗ್ಗೆ ನೀನು ಆ ಕಣ್ಣನ್ನು ಮತ್ತೆ ತೆರೆಯುತ್ತಿದ್ದೆ. ಆದರೆ ಕೊಳ್ಳುವವರು ಬರುವ ಮುಂಚೆ ಕತ್ತರಿಸಿದ ಉಣ್ಣೆಯನ್ನು ಮಡಿಸಿ, ಸುತ್ತಿ, ಒಂದೇ ಕಟ್ಟು ಮಾಡಿಡಬೇಕು, ಹರಡಿಟ್ಟರೆ ಸೋಮಾರಿಯ ಮನೆ ಅನ್ನುತ್ತಾರಲ್ಲ, ಆ ಅಭ್ಯಾಸದಲ್ಲಿ ನಿನ್ನ ಪದರಗಳನ್ನೂ ಸುತ್ತಿ ಒಂದೇ ಪದರವಾಗಿ ಕಟ್ಟಿಬಿಟ್ಟೆ. ಮುಚ್ಚಿಟ್ಟ ಪದರವನ್ನು ಎಸೆದುಬಿಡಲೇ ಎಂದು ಕಂಪ್ಯೂಟರು ಕೇಳಿತು. ನನಗೆ ಓದಲು ಬರುತ್ತದೆ ಮರೀ. ಓದಿ, ಹೌದು ಎಂದೆ. ಮಾರನೆಯ ದಿನ ನೀನು ನಿನ್ನನ್ನೇ ಬೈದುಕೊಳ್ಳುವಾಗ ಬಾಯಿ ಬಿಡಲಿಲ್ಲ. ಬೇಡದ್ದಕ್ಕೆಲ್ಲ ತೆರೆಯುವ ಬಾಯಿ. ನನ್ನ ತಪ್ಪನ್ನು ನಿನಗೆ ಅಂಟಿಸಿದೆ. ಅದು ನನ್ನದು, ನನಗೆ ವಾಪಸು ಕೊಡು, ನೀನು ತರಗತಿಗೆ ಹೋಗು. ರೋಮುಲೊ ಕೊಡುವ ಚುನ್ಯೊ ಚೀಲದ ತಳದಲ್ಲಿ, ಕಾಲುಚೀಲದೊಳಗೆ, ಪೆನ್ ಡ್ರೈವ್ ಇದೆ. ಹದಿಮೂರು ಪದರ ನನ್ನವು. ಹದಿನಾಲ್ಕನೆಯದು ಖಾಲಿ, ಅದರ ಕಣ್ಣು ತೆರೆದಿಟ್ಟಿದ್ದೇನೆ. ಭಾನುವಾರ ಬೆಳಿಗ್ಗೆಯಿಂದ ಗುಡ್ಡದ ಮೇಲೆ ಕೂತಿರುತ್ತೇನೆ. ಫೋನ್ ಮಾಡಿ ಬೈಯಿ. ಈ ಸಲ ನಾನು ಏನೂ ಹೇಳುವುದಿಲ್ಲ.